ಸಾವಿರ ಅಡಿ ಬೋರು ಕೊರೆಸ್ಲಾ, ಬೇಡ್ವಾ?

ಪ್ರಶ್ನೆ: "ಸಾರ್, ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಕಡೆ. ಒಟ್ಟು ಐದು ಎಕರೆ. ಎರಡು ಎಕರೆ ತೆಂಗು ಇದೆ, ಅಪ್ಪ ಹಾಕಿದ್ದು, 140 ಮರ. ಒಂದೂವರೆ ಎಕರೆಗೆ ಮೂರು ವರ್ಷದ ಹಿಂದೆ ಅಡಿಕೆ ಇಟ್ಟೆ. ಉಳಿದ ಒಂದೂವರೆ ಎಕರೆ ರಾಗಿ, ಮಳೆ ಮೇಲೆ. ಬೋರು 480 ಅಡಿ, ಮೊದಲು ಎರಡು ಇಂಚು ನೀರು ಬರ್ತಿತ್ತು, ಈಗ ಫೆಬ್ರವರಿ ದಾಟಿದ್ರೆ ಅರ್ಧ ಗಂಟೆ ಓಡಿ ಗಾಳಿ ಕಕ್ಕುತ್ತೆ. ಅಪ್ಪ ಸಾವಿರ ಅಡಿ ಕೊರೆಸೋಣ ಅಂತಾರೆ, ತೆಂಗಿನಕಾಯಿ ಇಟ್ಕೊಂಡು ನೋಡೋರು ಬಂದು ಪಾಯಿಂಟ್ ಕೂಡ ಮಾಡಿ ಹೋಗಿದಾರೆ. ಭಾವ ನಾಲ್ಕು ಲಕ್ಷ ಸಾಲ ಕೊಡ್ತೀನಿ ಅಂದಿದಾರೆ. ನೀರು ಸಿಕ್ಕಿದ್ರೆ ರಾಗಿ ಹೊಲಕ್ಕೂ ಅಡಿಕೆ ಇಡೋದು ಅಂತ ಪ್ಲ್ಯಾನ್. ಅಮ್ಮ ರಾಗಿ ಹೊಲ ಮುಟ್ಟಬೇಡ ಅಂತಾರೆ. ಕ್ಲೈಮೇಟ್ ಚೇಂಜ್ ಆಗಿ ಇನ್ಮೇಲೆ ಮಳೆನೇ ಬರಲ್ಲ, ವ್ಯವಸಾಯ ಮುಗೀತು, ಜಮೀನು ಮಾರಿ ಬೆಂಗಳೂರಿಗೆ ಹೋಗು ಅಂತ ಫ್ರೆಂಡ್ಸು ಹೇಳ್ತಾರೆ. ತೆಂಗಲ್ಲೂ ಎರಡು ವರ್ಷದಿಂದ ಕಾಯಿ ಹಿಡೀತಿಲ್ಲ, ಅಂಗಡಿಯೋರು ಕೊಟ್ಟ ಟಾನಿಕ್ ಎಲ್ಲ ಹಾಕಿ ಆಯ್ತು. ಏನು ಮಾಡ್ಲಿ, ನೇರವಾಗಿ ಹೇಳಿ."

ಉತ್ತರ:

ನೇರವಾಗೇ ಹೇಳ್ತೀನಿ. ರಾಗಿ ಹೊಲಕ್ಕೆ ಅಡಿಕೆ ಇಡೋಕೋಸ್ಕರ ಸಾವಿರ ಅಡಿ ಬೋರು ಕೊರೆಸ್ಬೇಡಿ, ಅದಕ್ಕೆ ಸಾಲ ಮಾಡ್ಬೇಡಿ. ಜಮೀನನ್ನೂ ಮಾರ್ಬೇಡಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಮಾಡ್ಬೇಕು, ಕೂತು ಪೂರ್ತಿ ಓದಿ, ಆಮೇಲೆ ಅಪ್ಪನ ಹತ್ರ ಮಾತಾಡಿ. ಬಯಲುಸೀಮೆಯಲ್ಲಿ ಮಣ್ಣು ನೀರಿನ ಕೆಲಸ ಮಾಡ್ತಾ ಬಂದವನು ನಾನು, ನಿಮ್ಮಂಥ ಪ್ರಶ್ನೆ ನಂಗೆ ಪ್ರತಿ ಬೇಸಿಗೇಲೂ ಬರುತ್ತೆ, ಮತ್ತೆ ಒಂದೇ ತೋಟದಲ್ಲಿ ಮೂರು ನಾಲ್ಕು ಫೇಲ್ ಆದ ಬೋರಿನ ಕೇಸಿಂಗ್ ಪೈಪು ನಿಂತಿರೋದನ್ನ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಮೊದಲು ಮಳೆ ವಿಷಯ. "ಇನ್ಮೇಲೆ ಮಳೆನೇ ಬರಲ್ಲ" ಅನ್ನೋದು ಸುಳ್ಳು. ನೆನಪು ಮಾಡ್ಕೊಳ್ಳಿ, 2022ರಲ್ಲಿ ತುಮಕೂರು ಜಿಲ್ಲೆಯಲ್ಲಿ ಎಷ್ಟೋ ವರ್ಷದಿಂದ ತುಂಬದೇ ಇದ್ದ ಕೆರೆಗಳೂ ಕೋಡಿ ಬಿದ್ದವು, ಜನ ಹೋಗಿ ಬಾಗಿನ ಕೊಟ್ಟು ಬಂದ್ರು. ಅದರ ಮರುವರ್ಷವೇ ಬರ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಗಿತ್ತು, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡ್ತು. ಒಂದು ವರ್ಷ ಕೋಡಿ, ಇನ್ನೊಂದು ವರ್ಷ ಬರ, ಇವೆರಡೂ ಒಂದೇ ಕಾಯಿಲೆಯ ಲಕ್ಷಣಗಳು. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡ್ಕೊಳ್ಳುತ್ತೆ. ಹಿಡ್ಕೊಂಡು ಹಿಡ್ಕೊಂಡು ಒಂದೇ ಸಲ ಸುರಿಯುತ್ತೆ, ಆಮೇಲೆ ವಾರಗಟ್ಟಲೆ ಬಾನಲ್ಲಿ ಮೋಡವೇ ಇರಲ್ಲ. ದೇಶದ ಸರಾಸರಿ ತಾಪಮಾನ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ ಅಂತ ಕೇಂದ್ರ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತೆ. ಮುಕ್ಕಾಲು ಡಿಗ್ರಿ ಏನು ಮಹಾ ಅನ್ಸುತ್ತೆ, ಆದ್ರೆ ಹೊಲದಲ್ಲಿ ಅದು ಕಾಣೋದು ಮಳೆಯ ಲಯ ತಪ್ಪೋದ್ರಲ್ಲಿ.

ನಿಮ್ಮ ಅಮ್ಮನ್ನ ಕೇಳಿ, ಅವರು ಮಳೆ ನಕ್ಷತ್ರದ ಲೆಕ್ಕದಲ್ಲಿ ಇದನ್ನೇ ಹೇಳ್ತಾರೆ. ಭರಣಿ (ಏಪ್ರಿಲ್ ಕೊನೆ, ಮೇ ಮೊದಲು) ಬಿದ್ದ ಮೇಲೆ ಉಳುಮೆ, ಆರಿದ್ರಾ ಪುನರ್ವಸುವಿನಲ್ಲಿ (ಜೂನ್ ಕೊನೆಯಿಂದ ಜುಲೈ ಮಧ್ಯ) ಬಿತ್ತನೆ, ಮಖೆ ಹುಬ್ಬೆಯಲ್ಲಿ (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ) ಪೈರಿಗೆ ಬೇಕಾದಷ್ಟು ನೀರು. ಈಗ ಭರಣಿ ಜೋರಾಗಿ ಹೊಡೆದು ಹೋಗುತ್ತೆ, ಪುಷ್ಯ ಆಶ್ಲೇಷ ಖಾಲಿ ಹೋಗುತ್ತೆ, ಕೊಯ್ಲಿಗೆ ಬಂದಾಗ ಸ್ವಾತಿ ಬಂದು ತೆನೆ ನೆನೆಸುತ್ತೆ. ವರ್ಷದ ಒಟ್ಟು ಮಿಲಿಮೀಟರ್ ನೋಡಿದ್ರೆ ಅಂಥ ವ್ಯತ್ಯಾಸ ಕಾಣದೇ ಇರಬಹುದು, ಮಳೆ ಬಿದ್ದ ದಿನಗಳನ್ನ ಎಣಿಸಿದ್ರೆ ಗೊತ್ತಾಗುತ್ತೆ. ಅದಕ್ಕೇ ಫ್ರೆಂಡ್ಸು ಹೇಳಿದ್ದು ನಂಬ್ಬೇಡಿ, ನಾನು ಹೇಳಿದ್ದನ್ನೂ ಹಾಗೇ ನಂಬ್ಬೇಡಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದಾರೆ, ನಿಮ್ಮ ಪಂಚಾಯ್ತಿ ಅಂಕಿ ತೆಗೆಸಿ ನೋಡಿ.

ಊರ ಪಕ್ಕ ನಾಲ್ಕು ಗಿಡ ನೆಟ್ರೆ ಮಳೆ ಬರುತ್ತೆ ಅನ್ನೋದೂ ಅಷ್ಟು ಸರಳ ಇಲ್ಲ. ದೊಡ್ಡ ಕಾಡಿನ ಪಾತ್ರ ಬೇರೆ, ಅದು ನಿಜ. ಆದ್ರೆ ನಿಮ್ಮ ಹೊಲದ ಬದುವಿನ ಮರ ಮೋಡ ಎಳ್ಕೊಂಡು ಬರಲ್ಲ, ಅದು ಮಾಡೋದು ಬೇರೆ ಕೆಲಸ, ಬಿಸಿಗಾಳಿ ತಡೆಯುತ್ತೆ, ಸೊಪ್ಪು ಕೊಡುತ್ತೆ, ಬೇರಿನ ದಾರಿಯಲ್ಲಿ ನೀರು ಇಂಗೋಕೆ ಬಿಡುತ್ತೆ. ಅಷ್ಟಕ್ಕೇ ನೆಡಿ, ಸಾಕು.

ಈಗ ಸಾವಿರ ಅಡಿ ವಿಷಯಕ್ಕೆ ಬರ್ತೀನಿ. ಕೆಳಗೆ ಪಾತಾಳಗಂಗೆ ಹರೀತಿದಾಳೆ, ಅಲ್ಲಿವರೆಗೂ ಹೋದ್ರೆ ನೀರು ಗ್ಯಾರಂಟಿ ಅನ್ನೋ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಮ್ಮ ನೆಲದ ಕೆಳಗಿರೋದು ಗಟ್ಟಿ ಕಲ್ಲು. ಗ್ರಾನೈಟು, ನೈಸು ಅನ್ನೋ ಪಟ್ಟೆ ಪಟ್ಟೆ ಕಲ್ಲು, ನಿಮ್ಮ ತಾಲ್ಲೂಕಿನ ಗಣಿ ಕಡೆ ಶಿಸ್ಟ್ ಅನ್ನೋ ಪದರ ಪದರ ಕಲ್ಲಿನ ಪಟ್ಟಿ. ಮೇಲಿನ ಅರವತ್ತು ಎಂಬತ್ತು ಅಡಿ ಶಿಥಿಲ ಆಗಿರೋ ಮೆತ್ತನೆ ಪದರ, ಹಿಂದೆ ತೆರೆದ ಬಾವಿ ಇದ್ದದ್ದು ಅದರಲ್ಲೇ. ಅದರ ಕೆಳಗೆ ಕಲ್ಲಲ್ಲಿ ಬಿರುಕುಗಳು. ಈ ಬಿರುಕಲ್ಲಿ ಮಾತ್ರ ನೀರು ಇರೋದು, ಕಲ್ಲಲ್ಲಿ ಇಲ್ಲ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ತವೆ, ಕಡಿಮೆ ಆಗ್ತವೆ. ಹಾಗಂತ ಸಾವಿರ ಅಡಿಯಲ್ಲಿ ನೀರು ಸಿಗೋದೇ ಇಲ್ವಾ ಅಂದ್ರೆ ಸಿಗುತ್ತೆ, ಕೆಲವ್ರಿಗೆ ಸಿಕ್ಕಿದೆ, ಅವರ ಸುದ್ದಿನೇ ಊರೆಲ್ಲ ಓಡಾಡೋದು. ಸಿಗದೇ ಇದ್ದೋರು ಸಾಲ ತೀರಿಸ್ತಾ ಸುಮ್ನೆ ಇರ್ತಾರೆ. ಸಿಕ್ಕ ನೀರು ಕೂಡ ಬಹಳ ಹಳೇ ನೀರು, ತುಂಬೋಕೆ ತುಂಬಾ ಕಾಲ ತಗೊಂಡಿದ್ದು, ನೀವು ತೆಗೆದಷ್ಟು ಬೇಗ ವಾಪಸ್ ತುಂಬಲ್ಲ. ಮೊದಲ ವರ್ಷ ಎರಡೂವರೆ ಇಂಚು ಬಂದ ಬೋರು ಮೂರನೇ ಬೇಸಿಗೆಗೆ ಕೈ ಕೊಡೋದು ಇದಕ್ಕೇ. ಇದರ ಜೊತೆ ಫ್ಲೋರೈಡು. ಪಾವಗಡ, ಶಿರಾ, ಚಿತ್ರದುರ್ಗದ ಕಡೆ ಆಳದ ಬೋರಿನ ನೀರು ಕುಡಿದು ಹಲ್ಲು ಮೂಳೆ ಹಾಳಾದ ಜನ ಇದಾರೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಯೋಗ್ಯ ಅಲ್ಲ. ಹೊಸ ಬೋರೇ ಇರ್ಲಿ ಹಳೇದೇ ಇರ್ಲಿ, ನೀರು ಟೆಸ್ಟ್ ಮಾಡಿಸದೆ ಮಕ್ಕಳಿಗೆ ಕುಡಿಸ್ಬೇಡಿ.

ತೆಂಗಿನಕಾಯಿ ಪಾಯಿಂಟ್ ಬಗ್ಗೆ ಜಾಸ್ತಿ ಹೇಳಲ್ಲ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ಕಾಯಿ ಎದ್ದು ನಿಲ್ಲೋದು ಅಂಗೈನ ಸಣ್ಣ ಅಲುಗಾಟಕ್ಕೆ. ಭೂವಿಜ್ಞಾನಿಗಳು ಕರೆಂಟ್ ಹರಿಸಿ ಮಾಡೋ ರೆಸಿಸ್ಟಿವಿಟಿ ಸರ್ವೆ ಕೂಡ ಗ್ಯಾರಂಟಿ ಕೊಡಲ್ಲ, ಆದ್ರೆ ಮೇಲಿನ ಶಿಥಿಲ ಪದರ ಎಷ್ಟು ದಪ್ಪ ಇದೆ, ಎಲ್ಲಿ ಬಿರುಕು ಇರೋ ಸಾಧ್ಯತೆ ಇದೆ ಅಂತ ಅಂದಾಜು ಸಿಗುತ್ತೆ.

ಈಗ ಮುಖ್ಯವಾದ ಲೆಕ್ಕ. ನಿಮ್ಮ ಐದು ಎಕರೆಯನ್ನ ಬ್ಯಾಂಕ್ ಪಾಸ್‌ಬುಕ್ ಥರ ನೋಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡ್ಕೊಳ್ಳೋಣ. ಒಂದು ಎಕರೆ ಮೇಲೆ ಬೀಳೋದು ಸುಮಾರು 24 ಲಕ್ಷ ಲೀಟರ್. ಐದು ಎಕರೆಗೆ ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್! ಕೇಳೋಕೆ ಬಹಳ. ಆದ್ರೆ ಅದರಲ್ಲಿ ದೊಡ್ಡ ಪಾಲು ಆವಿಯಾಗಿ, ಬೆಳೆ ಕುಡಿದು, ಹರಿದು ಹೋಗುತ್ತೆ. ನಮ್ಮಂಥ ಗ್ರಾನೈಟು ನೆಲದಲ್ಲಿ ಅಂತರ್ಜಲಕ್ಕೆ ಇಂಗೋದು ನೂರಕ್ಕೆ ಎಂಟರಿಂದ ಹನ್ನೊಂದು ಭಾಗ, ಅಂತರ್ಜಲ ಇಲಾಖೆಗಳು ಲೆಕ್ಕ ಹಾಕೋದೂ ಇದೇ ಆಸುಪಾಸಿನಲ್ಲಿ. ಹತ್ತು ಅಂತಿಟ್ಕೊಂಡ್ರೆ ನಿಮ್ಮ ಜಮೀನು ವರ್ಷಕ್ಕೆ ನೆಲದ ಕೆಳಗೆ ಜಮಾ ಮಾಡೋದು 12 ಲಕ್ಷ ಲೀಟರ್.

ಖರ್ಚು ನೋಡಿ. 140 ತೆಂಗಿಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 40 ಲೀಟರ್, ವರ್ಷಕ್ಕೆ ಇನ್ನೂರು ದಿನ ಕೊಟ್ರೆ 11 ಲಕ್ಷ ಚಿಲ್ಲರೆ. ಅಲ್ಲಿಗೆ ನಿಮ್ಮ ಜಮಾ ಹೆಚ್ಚೂಕಮ್ಮಿ ಮುಗೀತು. ಅಡಿಕೆ ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಗಿಡ, ಒಂದೂವರೆ ಎಕರೆಗೆ 825. ಫಸಲಿಗೆ ಬಂದ ಗಿಡಕ್ಕೆ ದಿನಕ್ಕೆ 20 ಲೀಟರ್ ಕಡಿಮೆ ಅಂದ್ರೂ ಬೇಕು. ಇನ್ನೂರು ದಿನಕ್ಕೆ 33 ಲಕ್ಷ ಲೀಟರ್. ಒಟ್ಟು 44 ಲಕ್ಷ ಖರ್ಚು, 12 ಲಕ್ಷ ಜಮಾ. ಈಗ ಗಿಡ ಚಿಕ್ಕದಿರೋದ್ರಿಂದ ಇನ್ನೂ ಪೂರ್ತಿ ಕುಡೀತಿಲ್ಲ, ಆಗಲೇ ನಿಮ್ಮ ಬೋರು ಫೆಬ್ರವರಿಗೆ ಕೈ ಎತ್ತಿದೆ. ರಾಗಿ ಹೊಲಕ್ಕೂ ಅಡಿಕೆ ಇಟ್ರೆ ಇನ್ನೊಂದು 33 ಲಕ್ಷ ಸೇರುತ್ತೆ. ಕಡಿಮೆ ಬೀಳೋ ನೀರು ಎಲ್ಲಿಂದ ಬರ್ತಿದೆ ಹಾಗಾದ್ರೆ? ಪಕ್ಕದವರ ಹೊಲದಲ್ಲಿ ಇಂಗಿದ್ದು, ಊರ ಕೆರೆಯಿಂದ ಇಂಗಿದ್ದು, ಮತ್ತೆ ಹಳೇ ದಾಸ್ತಾನು. ಪಕ್ಕದವರೂ ಅಡಿಕೆ ಇಟ್ಟು ಬೋರು ಕೊರೆಸಿದ ದಿನ ಆ ಲೆಕ್ಕವೂ ತಪ್ಪುತ್ತೆ, ನಿಮ್ಮ ಊರಲ್ಲಿ ಈಗ ಆಗ್ತಿರೋದು ಇದೇ ಅಲ್ವಾ? ಬರೀ ಆಳ ಜಾಸ್ತಿ ಮಾಡಿದ್ರೆ ಜಮಾ ಜಾಸ್ತಿ ಆಗಲ್ಲ, ಇದೊಂದು ಮಾತನ್ನ ಅಪ್ಪನಿಗೆ ಈ ಅಂಕಿ ಸಮೇತ ತೋರಿಸಿ.

ಅಡಿಕೆ ಮೇಲೆ ನಂಗೆ ದ್ವೇಷ ಇಲ್ಲ. ಅಡಿಕೆಗೆ ಕ್ವಿಂಟಲ್‌ಗೆ ಹತ್ತಾರು ಸಾವಿರ ಸಿಗುವಾಗ ಯಾರಿಗೆ ಆಸೆ ಆಗಲ್ಲ ಹೇಳಿ, ಮಗಳ ಮದುವೆ, ಮನೆ, ಓದು ಎಲ್ಲ ಅದರಲ್ಲೇ ಮಾಡಿದ ಕುಟುಂಬಗಳನ್ನ ನಾನೂ ಕಂಡಿದೀನಿ. ಆದ್ರೆ ಅದು ಮಲೆನಾಡಿನ ತಂಪು ಕಣಿವೆಯ ಗಿಡ. 14ರಿಂದ 36 ಡಿಗ್ರಿ ಒಳಗೆ ಚೆನ್ನಾಗಿರುತ್ತೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಅದನ್ನ ದಾಟೋ ದಿನಗಳು ಜಾಸ್ತಿ ಆಗ್ತಿವೆ, ಪಡುವಣ ಬಿಸಿಲಿಗೆ ಕಾಂಡ ಸುಡುತ್ತೆ, ಹರಳು ಉದುರುತ್ತೆ, ಬಿಸಿ ಜಾಸ್ತಿ ಆದಷ್ಟೂ ನಾನು ಮೇಲೆ ಹೇಳಿದ 20 ಲೀಟರ್ ಸಾಲಲ್ಲ. ಇಟ್ಟ ಮೇಲೆ ಫಸಲಿಗೆ ಐದರಿಂದ ಏಳು ವರ್ಷ, ಅಷ್ಟರಲ್ಲಿ ಒಂದು ಬರ ಬಂದೇ ಬರುತ್ತೆ. ರಾಗಿ ಒಂದು ವರ್ಷ ಒಣಗಿದ್ರೆ ಬೀಜ ಗೊಬ್ಬರ ಕೂಲಿ ಹೋಗುತ್ತೆ, ಮುಂದಿನ ವರ್ಷ ಮತ್ತೆ ಬಿತ್ತಬಹುದು. ಅಡಿಕೆ ಒಂದು ಬೇಸಿಗೆ ಒಣಗಿದ್ರೆ ಏಳು ವರ್ಷ ಹೋಯ್ತು, ಸಾಲ ಮಾತ್ರ ಉಳೀತು. ಮಾರುಕಟ್ಟೆ ಕಡೆಯಿಂದಲೂ ಒಂದು ಭಯ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಇವತ್ತಿನ ಬೆಲೆ ನೋಡಿ ಇಪ್ಪತ್ತು ಮೂವತ್ತು ವರ್ಷದ ಮರ ಇಡೋವಾಗ ಇದನ್ನೂ ತಲೇಲಿ ಇಟ್ಕೋಬೇಕು.

ಹಾಗಾದ್ರೆ ಈಗಿರೋ 825 ಗಿಡ ಏನು ಮಾಡೋದು? ಕಡಿದು ಹಾಕಿ ಅಂತ ಹೇಳೋಕೆ ನಂಗೂ ಬಾಯಿ ಬರಲ್ಲ, ಮೂರು ವರ್ಷ ಮಗು ಥರ ಸಾಕಿರ್ತೀರಿ. ಆದ್ರೆ ನೀರು ಕಡಿಮೆ ಬಿದ್ದಾಗ ಯಾವುದಕ್ಕೆ ಮೊದಲು ಅನ್ನೋದನ್ನ ಈಗಲೇ ತೀರ್ಮಾನ ಮಾಡಿ, ಮಾರ್ಚ್‌ನಲ್ಲಿ ತೋಟದಲ್ಲಿ ನಿಂತು ಮಾಡೋ ತೀರ್ಮಾನ ಯಾವಾಗಲೂ ಕೆಟ್ಟದ್ದೇ ಆಗಿರುತ್ತೆ. ನನ್ನ ಸಲಹೆ: ತೆಂಗಿಗೆ ಮೊದಲು. ಆಮೇಲೆ ಅಡಿಕೆಯಲ್ಲಿ ಬೋರಿಗೆ ಹತ್ತಿರ ಇರೋ, ಮಣ್ಣು ಚೆನ್ನಾಗಿರೋ ಅರ್ಧ ಎಕರೆ ಮಾತ್ರ ಆರಿಸ್ಕೊಳ್ಳಿ. ಅದಕ್ಕೆ ಹನಿ ನೀರು, ಬುಡಕ್ಕೆ ದಪ್ಪ ಮುಚ್ಚಿಗೆ (ಗರಿ, ಸೊಪ್ಪಿನ ಹೊದಿಕೆ), ನೈಋತ್ಯ ಬದಿಗೆ ಬಾಳೆ ಸಾಲೋ ನುಗ್ಗೆ ಸಾಲೋ ನೆರಳಿಗೆ. ಆ ಅರ್ಧ ಎಕರೆಯೇ 11 ಲಕ್ಷ ಲೀಟರ್ ಕೇಳುತ್ತೆ, ತೆಂಗಿನದ್ದರ ಜೊತೆ ಸೇರಿಸಿದ್ರೆ ಅದೂ ನಿಮ್ಮ ಜಮಾ ಮೀರಿದ್ದೇ, ಸುಳ್ಳು ಧೈರ್ಯ ಹೇಳಲ್ಲ. ಉಳಿದ ಒಂದು ಎಕರೆ ಅಡಿಕೆ ಮಧ್ಯೆ ಈ ಮಳೆಗಾಲದಲ್ಲೇ ದೂರ ದೂರಕ್ಕೆ ಹಲಸು, ಹುಣಸೆ, ನೇರಳೆ, ಸೀತಾಫಲ ಇಡ್ತಾ ಬನ್ನಿ. ನಿಮ್ಮ ಜಿಲ್ಲೆಯದ್ದೇ ಚೇಳೂರಿನ ಸಿದ್ದು ಹಲಸು ಇದೆ, ಕೆಂಪು ತೊಳೆ, ಕಸಿ ಗಿಡ ಸಿಗುತ್ತೆ, ಒಳ್ಳೆ ಬೆಲೆ ಇದೆ. ಮೊದಲ ಎರಡು ಮೂರು ಬೇಸಿಗೆ ಕೊಡ ನೀರು ಕೊಟ್ರೆ ಆಮೇಲೆ ತಾನೇ ನಿಲ್ಲುತ್ತೆ. ಒಳ್ಳೆ ಮಳೆ ವರ್ಷ ಬಂದು ಅಡಿಕೆ ಉಳಿದ್ರೆ ಸಂತೋಷ, ಒಣಗಿದ್ರೆ ಹೊಲ ಖಾಲಿ ಇರಲ್ಲ. ರಿಸ್ಕು ಏನಂದ್ರೆ ಹಣ್ಣಿನ ಮರದಿಂದ ದುಡ್ಡು ಬರೋಕೂ ನಾಲ್ಕೈದು ವರ್ಷ ಕಾಯಬೇಕು, ಮತ್ತೆ ಹಲಸು ಹಣ್ಣು ಒಂದೇ ಸಲ ಬಂದು ಮಾರೋಕೆ ಓಡಾಡಬೇಕು.

ತೆಂಗಿನ ಕಾಯಿ ಯಾಕೆ ಹಿಡೀತಿಲ್ಲ ಅಂದ್ರಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ, ಗೊತ್ತಿಲ್ಲದ್ದಕ್ಕೇ ಟಾನಿಕ್‌ಗೆ ದುಡ್ಡು ಸುರೀತಾರೆ. ತೆಂಗಿನ ಹೊಂಬಾಳೆ ಮರದ ತಲೆಯೊಳಗೆ ಮೊಳಕೆ ಒಡೆಯೋದು ಹೊರಗೆ ಬಿರಿಯೋ ಸುಮಾರು 32 ತಿಂಗಳು ಮೊದಲು. ಬಿರಿದ ಮೇಲೆ ಕಾಯಿ ಬಲಿಯೋಕೆ ಇನ್ನೊಂದು ವರ್ಷ. ಅಂದ್ರೆ ಒಂದು ಕಾಯಿಯ ಹುಟ್ಟಿಂದ ಕೊಯ್ಲಿನವರೆಗೆ ಮೂರೂವರೆ ವರ್ಷದ ಮೇಲೆ, 44 ತಿಂಗಳ ಕಥೆ. ಆ ಅವಧಿಯಲ್ಲಿ ಎಲ್ಲಿ ಬರ ಬಿದ್ರೂ ಏಟು ಬೀಳುತ್ತೆ. 2023ರ ಬರ ಮತ್ತು 2024ರ ಬೇಸಿಗೆಯ ಏಟು ಮುಂದಿನ ಮೂರು ನಾಲ್ಕು ವರ್ಷದ ಫಸಲಲ್ಲಿ ಕಾಣ್ತಾ ಹೋಗುತ್ತೆ. 2025ರಲ್ಲಿ ತಿಪಟೂರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿ ಹೋಯ್ತಲ್ಲ, ಆ ವರ್ಷದ ಉಂಡೆ ಕೊಬ್ಬರಿ ಬೆಂಬಲ ಬೆಲೆ ಇದ್ದದ್ದು 12,100, ಅಷ್ಟು ಮೇಲೆ ಹೋಗೋಕೆ ಕಾಯಿ ಇಲ್ಲದ್ದು ಒಂದು ದೊಡ್ಡ ಕಾರಣ. ಹಾಗಾಗಿ ನಿಮ್ಮ ಮರ ಸತ್ತಿಲ್ಲ, ಹಳೇ ಬರದ ಬಾಕಿ ತೀರಿಸ್ತಿದೆ. ಈಗ ಆರೈಕೆ ಮಾಡಿದ್ರೆ ಅದರ ಫಲ ಮೂರು ವರ್ಷದ ಮೇಲೆ, ಈ ತಿಂಗಳು ಹಾಕಿದ ಟಾನಿಕ್ ಮುಂದಿನ ತಿಂಗಳು ಕಾಯಿ ಕೊಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಆರೈಕೆ ಅಂದ್ರೆ ಇಷ್ಟು. ಬುಡದಿಂದ ಐದಾರು ಅಡಿ ದೂರದಲ್ಲಿ ಕಂದಕ ತೆಗೆದು ತೆಂಗಿನ ಮಟ್ಟೆ ಒಳಭಾಗ ಮೇಲೆ ಬರೋ ಥರ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಿ, ಮಟ್ಟೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹೀರಿ ಇಟ್ಕೊಳ್ಳುತ್ತೆ, ಐದಾರು ವರ್ಷ ಬಾಳುತ್ತೆ. ಎಷ್ಟೋ ಜನ ಮಟ್ಟೆ ಮಾರಿ ಇಲ್ಲಾ ಸುಟ್ಟು ಹಾಕ್ತಾರೆ, ನೋಡಿದ್ರೆ ಸಂಕಟ ಆಗುತ್ತೆ. ಗರಿ ಸುಡ್ಬೇಡಿ, ಬುಡಕ್ಕೆ ಹೊದಿಸಿ. ಮುಂಗಾರಲ್ಲಿ ಮರದ ಮಧ್ಯೆ ಹುರುಳಿನೋ ಅಲಸಂದೆನೋ ಸೆಣಬೋ ಎರಚಿ ಹೂ ಬರೋ ಟೈಮಿಗೆ ಮಣ್ಣಿಗೆ ಸೇರಿಸಿ. ಪೊಟ್ಯಾಷ್ ಮರಕ್ಕೆ ವರ್ಷಕ್ಕೆ ಎರಡು ಕೆಜಿ ಎರಡು ಕಂತಲ್ಲಿ, ಮಣ್ಣು ಪರೀಕ್ಷೆ ಮಾಡಿಸಿ ಅದರ ಪ್ರಕಾರ ಹೆಚ್ಚುಕಮ್ಮಿ ಮಾಡಿ, ಬರ ತಡೆಯೋ ಶಕ್ತಿ ಕೊಡೋದು ಅದೇ. ಗರಿ ಅಡಿಗೆ ಬಿಳಿ ನೊಣ ಇದ್ದು ಎಲೆ ಕಪ್ಪಾಗಿದ್ರೆ ಕಂಡಕಂಡ ವಿಷ ಹೊಡೀಬೇಡಿ, ಅದನ್ನ ತಿನ್ನೋ ಪರೋಪಜೀವಿ ಸಣ್ಣ ಕಣಜ ನಿಮ್ಮ ತೋಟದಲ್ಲೇ ಇರುತ್ತೆ, ವಿಷಕ್ಕೆ ಮೊದಲು ಸಾಯೋದು ಅದು.

ಜೀವಾಮೃತ, ಅಂದ್ರೆ ಸಗಣಿ ಗಂಜಲ ಬೆಲ್ಲ ಕಲೆಸಿ ಕೊಳೆಸಿದ ದ್ರಾವಣ, ಅದರ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮುಂದೆ ಯಾರಾದ್ರೂ ಹೇಳೇ ಹೇಳ್ತಾರೆ, ಜೀವಾಮೃತ ಹಾಕಿದ್ರೆ ನೀರೇ ಬೇಡ ಅಂತ. ಮಣ್ಣಿನ ಜೀವಕ್ಕೆ ಒಳ್ಳೇದು, ಹಾಕಿ. ನೀರು ಉಳಿಸೋದು ಮಾತ್ರ ಅದರ ಜೊತೆ ಮಾಡೋ ಮುಚ್ಚಿಗೆ.

ಇನ್ನು ಅಮ್ಮನ ರಾಗಿ ಹೊಲ. ಅಮ್ಮ ಹೇಳಿದ್ದು ಸರಿ. ನಿಮ್ಮ ಐದು ಎಕರೆಯಲ್ಲಿ ಬೋರಿಗೆ ಕೈ ಚಾಚದೇ ಇರೋದು ಅದೊಂದೇ. ರಾಗಿ ಎಳೇ ಪೈರಿದ್ದಾಗ ಎರಡು ಮೂರು ವಾರ ಮಳೆ ಕೈಕೊಟ್ರೂ ಬಾಡಿ ಮತ್ತೆ ಎದ್ದು ನಿಲ್ಲುತ್ತೆ, ಆ ಶಕ್ತಿ ಜೋಳ ರಾಗಿ ಸಜ್ಜೆಯಂಥ ಬೆಳೆಗಳಿಗೆ ಇದೆ. 2025-26ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ಇತ್ತು, ಅದಕ್ಕೆ ಹತ್ತು ವರ್ಷದ ಹಿಂದೆ ಎರಡು ಸಾವಿರಕ್ಕೂ ಕಡಿಮೆ ಇತ್ತು. ಎಕರೆಗೆ ಎಂಟು ಹತ್ತು ಕ್ವಿಂಟಲ್ ಬಂದ್ರೆ ಅಡಿಕೆ ದುಡ್ಡಿನ ಹತ್ರಕ್ಕೂ ಬರಲ್ಲ, ನಿಜ, ಆದ್ರೆ ಮನೆಗೆ ವರ್ಷದ ಊಟ, ಹಸುಗೆ ಹುಲ್ಲು, ಆ ಹುಲ್ಲಿಂದ ಡೈರಿಗೆ ಹಾಲು, ಬರದ ವರ್ಷ ಹುಲ್ಲಿನ ರೇಟು ಕೇಳಿದೋರಿಗೆ ಇದರ ಬೆಲೆ ಗೊತ್ತು.

ಬದಲಾಗಬೇಕಾದ್ದು ಬಿತ್ತೋ ರೀತಿ. ಮಳೆ ಆರಿದ್ರಾ ಪುನರ್ವಸುವಿನಲ್ಲಿ ಸರಿಯಾಗಿ ಬಂದ್ರೆ ಎಂಆರ್-6, ಎಲ್-5 ಥರ 120 ದಿನ ದಾಟೋ ತಳಿ ಹಾಕಿ. ತಡವಾಗಿ ಆಶ್ಲೇಷಕ್ಕೆ ಹೋದ್ರೆ ಅದೇ ಬೀಜ ಹಾಕಿದ್ರೆ ಕಾಳು ಕಟ್ಟೋ ಟೈಮಿಗೆ ತೇವ ಇರಲ್ಲ, ಆಗ ಎಂಎಲ್-365, ಕೆಎಂಆರ್-630 ಥರದ್ದು, ನೂರು ದಿನದ ಆಸುಪಾಸಿಗೆ ಬರೋದು. ಮಖೆಯೂ ದಾಟಿದ್ರೆ ರಾಗಿ ಬಿಟ್ಟು ಹುರುಳಿ. ಅಂದ್ರೆ ಮನೇಲಿ ಒಂದೇ ಬೀಜ ಇಟ್ಕೊಂಡು ಮಳೆಗೆ ಕಾಯೋ ಕಾಲ ಹೋಯ್ತು, ಎರಡು ಥರದ್ದು ಕೈಯಲ್ಲಿ ಇರಬೇಕು. ಬರೀ ರಾಗಿ ಬೇಡ, ಅಜ್ಜಂದಿರ ಕಾಲದ ಅಕ್ಕಡಿ ಸಾಲು ವಾಪಸ್ ತನ್ನಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಆ ಎರಡು ತೊಗರಿ ಸಾಲಿನ ಮಧ್ಯೆ ಒಂದು ಆಳ ಸಾಲು ತೆಗೆದು ಬಿಡಿ, ಜೋರು ಮಳೆ ನೀರು ಅದರಲ್ಲಿ ನಿಂತು ಇಂಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಒಣ ಬೇಸಾಯ ವಿಭಾಗದವರು ಇದನ್ನ ವರ್ಷಗಟ್ಟಲೆ ಮಾಡಿ ನೋಡಿ ಶಿಫಾರಸು ಮಾಡಿದ್ದು. ಸೆಪ್ಟೆಂಬರ್ ಮಳೆ ಹೋಗಿ ರಾಗಿ ಸೊರಗಿದ್ರೂ ತೊಗರಿ ಚಿತ್ತೆ ಸ್ವಾತಿ ಮಳೆ ಹಿಡ್ಕೊಂಡು ಬರುತ್ತೆ, ಅವರೆ ಹಾಕಿದ್ರೆ ಸೊನೆ ಅವರೆಗೆ ಬೆಂಗಳೂರಿಂದಲೇ ಜನ ಬರ್ತಾರೆ.

ಈಗ ಭಾವ ಕೊಡೋ ದುಡ್ಡಿನ ಬದಲು ಎಲ್ಲಿ ಖರ್ಚು ಮಾಡಬೇಕು ಅಂತ. ಮೊದಲು ಬದು. ಇಳಿಜಾರಿಗೆ ಅಡ್ಡಲಾಗಿ ಕಂದಕ ತೆಗೆದು ಅದೇ ಮಣ್ಣಲ್ಲಿ ಬದು ಹಾಕೋದು, ನರೇಗಾ ಥರದ ಕೂಲಿ ಯೋಜನೆಯಲ್ಲೂ ಆಗುತ್ತೆ, ಸ್ವಂತಕ್ಕೆ ಜೆಸಿಬಿಲಿ ಮಾಡಿಸಿದ್ರೂ ಬೋರಿನ ದುಡ್ಡಲ್ಲಿ ಸಣ್ಣ ಪಾಲು. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರು ಹವಾಮಾನ ತಡೆಯೋ ಬೇಸಾಯದ ಯೋಜನೆಯಲ್ಲಿ ಇದೇ ಕಂದಕ ಬದು, ಕೃಷಿ ಹೊಂಡ, ಎಂಎಲ್-365 ರಾಗಿ ಎಲ್ಲ ಸೇರಿಸಿ ಮಾಡಿದಾರೆ, ದೂರ ಏನಿಲ್ಲ, ಒಂದು ದಿನ ಹೋಗಿ ಅಲ್ಲಿನ ರೈತರ ಜೊತೆ ಮಾತಾಡಿ ಬನ್ನಿ, ನನ್ನ ಮಾತಿಗಿಂತ ಅದು ಮೇಲು.

ಆಮೇಲೆ ಕೃಷಿ ಹೊಂಡ. 12 ಅಡ್ಡ 12 ಮೀಟರ್, ಮೂರು ಮೀಟರ್ ಆಳದ ಇಳಿಜಾರು ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತೆ. ಒಂದು ಎಕರೆಗೆ 25 ಮಿಲಿಮೀಟರ್ ನೀರು ಕೊಡೋಕೆ ಬೇಕಾದ್ದು ಒಂದು ಲಕ್ಷ ಲೀಟರ್. ಅಂದ್ರೆ ನಿಮ್ಮ ಒಂದೂವರೆ ಎಕರೆ ರಾಗಿಗೆ ತೆನೆ ಬರೋ ಹೊತ್ತಲ್ಲಿ ಮಳೆ ಕೈಕೊಟ್ರೆ ಒಂದು ಪೂರ್ತಿ ನೀರು, ಇನ್ನೂ ಸ್ವಲ್ಪ ಮಿಗುತ್ತೆ, ಆ ಒಂದು ನೀರಿಗೆ ಇಡೀ ಬೆಳೆ ಉಳಿಯುತ್ತೆ. 21 ಅಡ್ಡ 21 ಮಾಡಿದ್ರೆ ಹತ್ತು ಲಕ್ಷದ ಹತ್ರ ನಿಲ್ಲುತ್ತೆ ಆದ್ರೆ ಐದಾರು ಗುಂಟೆ ಜಾಗ ಬೇಲಿ ಬದು ಸೇರಿ ಹೋಗುತ್ತೆ, ಅಷ್ಟು ಹರಿದು ಬರೋ ನೀರೂ ಬೇಕು. ಕೆಂಪು ಮಣ್ಣಲ್ಲಿ ಶೀಟು ಹಾಕದೆ ನೀರು ನಿಲ್ಲಲ್ಲ. ಹೊಂಡದ ತೊಂದರೆನೂ ಹೇಳ್ಬೇಕಲ್ಲ: ಬೋರು ನೀರು ತುಂಬಿಸಿ ಇಟ್ಕೊಳ್ಳೋರು ಇದಾರೆ, ಅದು ಇರೋ ನೀರನ್ನ ಬಿಸಿಲಿಗೆ ಸುರಿಯೋ ಕೆಲಸ, ಬೇಸಿಗೇಲಿ ದಿನಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಆವಿಯಾಗುತ್ತೆ. ಮತ್ತೆ ಬೇಲಿ ಇಲ್ಲದ ಹೊಂಡ ಮಕ್ಕಳನ್ನ ತಿನ್ನುತ್ತೆ, ಶೀಟಿನ ಮೇಲೆ ಕಾಲು ಜಾರಿದ್ರೆ ದೊಡ್ಡವರಿಗೂ ಹತ್ತೋಕೆ ಆಗಲ್ಲ. ತಂತಿ ಬೇಲಿ ಹಾಕದೆ, ಹಗ್ಗ ಟ್ಯೂಬು ಕಟ್ಟದೆ ನೀರು ತುಂಬಿಸ್ಬೇಡಿ, ಇದರಲ್ಲಿ ರಾಜಿ ಇಲ್ಲ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಶೀಟು, ಬೇಲಿಗೆ ಸಹಾಯಧನ ಇದೆ, ನಿಮ್ಮ ತಾಲ್ಲೂಕಿಗೆ ಈ ವರ್ಷ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹಳೇ 480 ಅಡಿ ಬೋರನ್ನ ಬಿಟ್ಟುಬಿಡ್ಬೇಡಿ. ಒಂದು ದಿನ ಪೂರ್ತಿ ನಿಲ್ಲಿಸಿ, ಮರುದಿನ ಓಡಿಸಿ ಇನ್ನೂರು ಲೀಟರ್ ಡ್ರಮ್ ತುಂಬೋಕೆ ಎಷ್ಟು ಸೆಕೆಂಡು, ಎಷ್ಟು ಹೊತ್ತಿಗೆ ಗಾಳಿ ಬರುತ್ತೆ, ಮತ್ತೆ ಎಷ್ಟು ಗಂಟೆ ಬಿಟ್ರೆ ನೀರು ಕೂಡುತ್ತೆ ಅಂತ ಬರೆದಿಡಿ. ಅರ್ಧ ಗಂಟೆ ಓಡಿ ನಿಲ್ಲೋ ಬೋರನ್ನ ದಿನಕ್ಕೆ ಮೂರು ಸಲ ಇಪ್ಪತ್ತು ಇಪ್ಪತ್ತು ನಿಮಿಷ ಓಡಿಸಿದ್ರೆ ಮೋಟ್ರೂ ಉಳಿಯುತ್ತೆ, ತೆಂಗಿನ ಪ್ರಾಣವೂ ಉಳಿಯುತ್ತೆ. ಬೋರಿನ ಸುತ್ತ ಕಲ್ಲು ಜಲ್ಲಿ ಮರಳು ಪದರ ಹಾಕಿದ ಇಂಗು ಗುಂಡಿ ಮಾಡಿ ಮಳೆ ನೀರು ಬಿಡಬಹುದು, ಕೆಲವು ಕಡೆ ಚೆನ್ನಾಗಿ ಕೆಲಸ ಮಾಡುತ್ತೆ, ಕೆಲವು ಕಡೆ ಬಿರುಕು ಮುಚ್ಚಿದ್ರೆ ಏನೂ ಆಗಲ್ಲ. ಕೊಟ್ಟಿಗೆ ನೀರು, ಗೊಬ್ಬರ ವಿಷ ತೊಳೆದ ನೀರು ಮಾತ್ರ ಅದರೊಳಗೆ ಹೋಗಬಾರದು, ಆಮೇಲೆ ತೆಗೆಯೋಕೆ ಆಗಲ್ಲ.

ಇಷ್ಟೆಲ್ಲ ಆದ ಮೇಲೂ ಅಪ್ಪ ಬೋರು ಬೇಕೇ ಬೇಕು ಅಂದ್ರೆ, ತೆಂಗು ಉಳಿಸೋಕೆ ಅಂತ ಮಾತ್ರ ಯೋಚನೆ ಮಾಡಿ. ಸರ್ವೆ ಮಾಡಿಸಿ, ನಿಮ್ಮ ತಾಲ್ಲೂಕಲ್ಲಿ ಅನುಮತಿ ಬೇಕಾ ಅಂತ ಅಂತರ್ಜಲ ಇಲಾಖೆಯಲ್ಲಿ ಕೇಳ್ಕೊಂಡು, ಗಾಡಿ ಬರೋ ಮೊದಲೇ ಎಷ್ಟು ಅಡಿಗೆ ನಿಲ್ಲಿಸೋದು ಅಂತ ಮನೆಯವರೆಲ್ಲ ಕೂತು ಬರೆದಿಡಿ. ರಿಗ್ಗು ಓಡ್ತಿರುವಾಗ ಇನ್ನೊಂದು ನೂರಡಿ ನೋಡೋಣ ಅನ್ನೋ ಆಸೆಗೇ ಎಷ್ಟೋ ಮನೆ ಮುಳುಗಿರೋದು. ಫೇಲ್ ಆದ್ರೆ ಅವತ್ತೇ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಸಿ.

ಎತ್ತಿನಹೊಳೆ ನೀರು, ಭದ್ರಾ ಮೇಲ್ದಂಡೆ ನೀರು ಬರುತ್ತೆ ಅಂತ ನಂಬಿ ಅಡಿಕೆ ಇಡ್ತಿರೋರೂ ಇದಾರೆ. ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು, ಆದ್ರೆ ಅದರ ಉದ್ದೇಶ ಕುಡಿಯೋ ನೀರು ಮತ್ತೆ ಕೆರೆ ತುಂಬಿಸೋದು. ಕೆರೆ ತುಂಬಿದ್ರೆ ನಿಮ್ಮ ಬೋರಿಗೆ ಸ್ವಲ್ಪ ಜೀವ ಬರಬಹುದು, ಬಂದ ದಿನ ಲೆಕ್ಕಕ್ಕೆ ತಗೊಳ್ಳಿ.

ಕೊನೇದಾಗಿ ವಿಮೆ. ಮಳೆಯಾಶ್ರಿತ ರಾಗಿಗೆ ಫಸಲ್ ಬಿಮಾದಲ್ಲಿ ನಿಮ್ಮ ಕಂತು ವಿಮಾ ಮೊತ್ತದ ನೂರಕ್ಕೆ ಎರಡು ಮಾತ್ರ, ಅಡಿಕೆಗೆ ಹವಾಮಾನ ಆಧಾರಿತ ವಿಮೆ ನಿಮ್ಮ ಕಡೆ ಅಧಿಸೂಚನೆ ಆಗಿದ್ರೆ ನೂರಕ್ಕೆ ಐದು. ಇದರಲ್ಲಿ ಜನ ಎಡವೋದು ಒಂದೇ ಕಡೆ, ವಿಮೆಗೆ ಕೊಟ್ಟ ಬೆಳೆ ಒಂದು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಇರೋ ಬೆಳೆ ಇನ್ನೊಂದು, ಆಗ ಪರಿಹಾರ ತಿರಸ್ಕಾರ ಆಗುತ್ತೆ. ಅಕ್ಕಡಿ ಹಾಕಿದ್ರೆ ಮುಖ್ಯ ಬೆಳೆ ರಾಗಿ ಅಂತ ಸರಿಯಾಗಿ ದಾಖಲಾಗಿದೆಯಾ ನೀವೇ ಫೋನಲ್ಲಿ ನೋಡಿ, ತಪ್ಪಿದ್ರೆ ಆಕ್ಷೇಪಣೆ ಹಾಕಿ.

ಮೊದಲ ಕೆಲಸ ಅಂತ ಕೇಳಿದ್ರೆ, ಬರೋ ಭರಣಿ ಮಳೆಗೆ ಮುಂಚೆ ಬದು ಮುಗೀಬೇಕು. ಮಣ್ಣು ಮತ್ತೆ ಬೋರಿನ ನೀರು ಎರಡೂ ಸ್ಯಾಂಪಲ್ ತಗೊಂಡು ತಿಪಟೂರು ಹತ್ರದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಹೋಗೋ ದಿನ ಅಪ್ಪನ್ನೂ ಕರ್ಕೊಂಡು ಹೋಗಿ. ಡ್ರಮ್ ತುಂಬೋ ಸೆಕೆಂಡು, ಗಾಳಿ ಬರೋ ಹೊತ್ತು, ನೀರು ಕೂಡೋ ಗಂಟೆ ಇವಿಷ್ಟು ಬರೆದು ನಂಗೂ ಕಳಿಸಿ, ಎಷ್ಟು ತೆಂಗಿಗೆ ಎಷ್ಟು ದಿನ ಸಾಕಾಗುತ್ತೆ ಅಂತ ಕೂತು ಲೆಕ್ಕ ಹಾಕಿ ಕೊಡ್ತೀನಿ.